ಕಲಾವಿದರು ಹೋದ ಮೇಲೆ: ಪೆಟ್ಟಿಗೆ ಯಾರದ್ದು, ಹಾಡು ಯಾರದ್ದು?

"ಅಪ್ಪಯ್ಯ ಭಾಗವತರಾಗಿದ್ದರು. ತೀರಿಕೊಂಡು ಎಂಟು ತಿಂಗಳಾಯಿತು. ಅವರು ಬರೆದ ಪ್ರಸಂಗವನ್ನು ಯಾವುದೋ ಮೇಳ ಆಡುತ್ತಿದೆ, ನಮ್ಮನ್ನು ಒಂದು ಮಾತೂ ಕೇಳಿಲ್ಲ. ಅಣ್ಣ ಮಾತ್ರ ಒಳಗಿಂದೊಳಗೆ ದುಡ್ಡು ತಗೊಂಡಿದ್ದಾನಂತೆ. ಈಗ ಏನು ಮಾಡೋದು?"

ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ, ಕಾರವಾರ, ಎಲ್ಲಾ ಕಡೆಯಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಭಾಗವತರು ಅಂದರೆ ಯಕ್ಷಗಾನದಲ್ಲಿ ಹಾಡುವವರು, ಪ್ರಸಂಗ ಅಂದರೆ ಆಟಕ್ಕೆ ಬರೆದ ಪದ್ಯಕತೆ, ಮೇಳ ಅಂದರೆ ಅದನ್ನು ಆಡುವ ತಂಡ. ಒಂದೊಂದು ಸಲ ಭಾಗವತರ ಬದಲು ಚಿತ್ರಕಾರರು, ಗಂಧ ದಂತ ಕೆತ್ತುವ ಗುಡಿಗಾರರು, ಭಾವಗೀತೆ ಬರೆದ ಮೇಷ್ಟ್ರು. ಅಣ್ಣನ ಬದಲು ಶಿಷ್ಯ ಅಥವಾ ಭಾವ. ಕತೆ ಅದೇ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿ ಸಾಕಾಗಿ ಇದನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ. ಇದನ್ನು ಓದಿಕೊಂಡು ವಕೀಲರ ಹತ್ತಿರ ಹೋದರೆ ಅರ್ಧ ಕೆಲಸ ಮುಗಿದ ಹಾಗೆ. ವಕೀಲರೇ ಬೇಡ ಅಂತ ಮಾತ್ರ ಅಂದುಕೊಳ್ಳಬೇಡಿ.

ಶುರು ಮಾಡುವ ಮೊದಲು ಒಂದು ಮಾತು ತಲೆಯಲ್ಲಿ ಕೂರಲಿ. ವಸ್ತು ಬೇರೆ, ಹಕ್ಕು ಬೇರೆ. ಪ್ರಸಂಗದ ಹಸ್ತಪ್ರತಿ ಒಂದು ವಸ್ತು, ಅದು ಅಟ್ಟದ ಮೇಲಿನ ಟ್ರಂಕಿನಲ್ಲಿದೆ. ಆ ಪ್ರಸಂಗವನ್ನು ಅಚ್ಚು ಹಾಕಿಸುವುದು, ರಂಗದ ಮೇಲೆ ಆಡಿಸುವುದು, ಧ್ವನಿಮುದ್ರಣ ಮಾಡಿಸುವುದು ಹಕ್ಕು. ಇದನ್ನೇ ಹಕ್ಕುಸ್ವಾಮ್ಯ ಅನ್ನುತ್ತಾರೆ, ಬಾಯಿಮಾತಿನಲ್ಲಿ ಕಾಪಿರೈಟ್. ಟ್ರಂಕು ಯಾರ ಮನೆಯಲ್ಲಿದೆಯೋ ಅವರೇ ಹಕ್ಕುದಾರರು ಅಂತೇನಿಲ್ಲ. ಚಿತ್ರ ಕೊಂಡವರಿಗೆ ಚಿತ್ರ ಸಿಕ್ಕಿತು, ಅದನ್ನು ಕ್ಯಾಲೆಂಡರಿನಲ್ಲಿ ಅಚ್ಚು ಹಾಕುವ ಹಕ್ಕು ಸಿಗಲಿಲ್ಲ. ನಾನು ನೋಡಿದ ಜಗಳಗಳಲ್ಲಿ ಬಹುಪಾಲು ಹುಟ್ಟಿದ್ದು ಈ ಎರಡನ್ನೂ ಒಂದೇ ಅಂದುಕೊಂಡಿದ್ದರಿಂದ. ತೋಟ, ಗದ್ದೆ, ಮನೆ ಪಾಲಾಗುವಾಗ ಎಲ್ಲರೂ ಹುಷಾರಾಗಿರುತ್ತಾರೆ. ಈ ಹಕ್ಕು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಯಾರೂ ಪಾಲುಪಟ್ಟಿಯಲ್ಲಿ ಬರೆಸುವುದೇ ಇಲ್ಲ.

1. ಮೊದಲ ಹದಿನೈದು ದಿನ ಎಲ್ಲಿಗೂ ಸಹಿ ಹಾಕಬೇಡಿ

ಮನೆ ತುಂಬಾ ಜನ, ಸೂತಕ, ಅಡುಗೆ, ಓಡಾಟ. ಆ ಹೊತ್ತಿಗೇ ಯಾರಾದರೂ ಬಂದು "ಇಲ್ಲೊಂದು ಸಹಿ ಬೇಕಿತ್ತು" ಅನ್ನುತ್ತಾರೆ. ಬೇಡ. ಹದಿಮೂರನೇ ದಿನ ಕಳೆಯಲಿ ಅನ್ನಿ.

ನಮ್ಮ ಕಡೆ ಜಾಸ್ತಿ ಕಾಣುವುದು ಮುಂಗಡದ ವಿಷಯ. ಕಲಾವಿದರು ತಿರುಗಾಟಕ್ಕೆ ಮೊದಲೇ ಮೇಳದ ಯಜಮಾನರಿಂದ ಮುಂಗಡ ತಗೊಂಡಿರುತ್ತಾರೆ. ಅರ್ಧಕ್ಕೇ ಹೋಗಿಬಿಟ್ಟರೆ ಬಾಕಿ ಉಳಿಯುತ್ತದೆ. ಅದು ನಿಜವಾದ ಸಾಲವೇ ಆಗಿದ್ದರೆ, ತೀರಿಕೊಂಡವರು ಬಿಟ್ಟುಹೋದ ಆಸ್ತಿಯಿಂದ ತೀರಬೇಕು. ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ. ಮಕ್ಕಳು ಸ್ವಂತ ಸಂಬಳದಿಂದ ತೀರಿಸಬೇಕು ಅಂತ ಕಾನೂನು ಹೇಳುವುದಿಲ್ಲ. ಆದರೆ ನೀವೇ ಮರ್ಯಾದೆಗೆ ಅಂಜಿ ನಿಮ್ಮ ಹೆಸರಲ್ಲಿ ಪ್ರೋನೋಟು ಬರೆದುಕೊಟ್ಟರೆ ಅದು ನಿಮ್ಮ ಸಾಲವಾಗಿಬಿಡುತ್ತದೆ. ಋಣ ತೀರಿಸಬೇಕು ಅನ್ನಿಸಿದರೆ ಧಾರಾಳವಾಗಿ ತೀರಿಸಿ, ಆದರೆ ತಿಳಿದು ತೀರಿಸಿ.

ಇನ್ನೊಂದು, ಎಟಿಎಂ ಕಾರ್ಡು. ಪಿನ್ ಗೊತ್ತಿದೆ ಅಂತ ದುಡ್ಡು ತೆಗೆಯಲು ಹೋಗಬೇಡಿ. ಖರ್ಚಿಗೇ ತೆಗೆದಿದ್ದರೂ ಆಮೇಲೆ ತಂಗಿಯ ವಕೀಲರು ಆ ಪಾಸ್‌ಬುಕ್ ಹಿಡಿದುಕೊಂಡೇ ಪ್ರಶ್ನೆ ಕೇಳುತ್ತಾರೆ. ಸರ್ಕಾರದ ಕಲಾವಿದರ ಮಾಸಾಶನ ಬರುತ್ತಿದ್ದರೆ ಕಾರವಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಚೇರಿಗೆ ಬೇಗ ತಿಳಿಸಿ. ಸಾವಿನ ನಂತರ ಜಮೆಯಾದ ಹಣವನ್ನು ವಾಪಸ್ ಕಟ್ಟಬೇಕಾಗುತ್ತದೆ.

ಮೊಬೈಲ್ ಸಿಮ್ ಮಾತ್ರ ರದ್ದು ಮಾಡಬೇಡಿ. ಎಲ್ಲಾ ಓಟಿಪಿ ಬರುವುದು ಅದಕ್ಕೇ.

ಇನ್ನೂ ಒಂದು ತಪ್ಪು ಇದೆ, ಓದಿದವರೂ ಮಾಡುತ್ತಾರೆ. ಅಪ್ಪ ಬದುಕಿದ್ದಾಗ ಮಗನಿಗೆ ಅಧಿಕಾರ ಪತ್ರ, ಅಂದರೆ ಪವರ್ ಆಫ್ ಅಟಾರ್ನಿ ಕೊಟ್ಟಿರುತ್ತಾರೆ. ಅವರು ಕಣ್ಣು ಮುಚ್ಚಿದ ಕ್ಷಣಕ್ಕೆ ಆ ಪತ್ರವೂ ಮುಗಿಯಿತು. ಆಮೇಲೆ ಅದನ್ನು ತೋರಿಸಿ ಮಾಡಿದ ಒಪ್ಪಂದ ನಿಲ್ಲುವುದಿಲ್ಲ.

2. ಪಟ್ಟಿ ಮಾಡಿ, ಎಲ್ಲರ ಎದುರು

ಬೇಸರದ ಕೆಲಸ. ಆದರೆ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಅಣ್ಣ ತಮ್ಮಂದಿರು, ಅಕ್ಕ ತಂಗಿಯರು, ಆಯಿ, ಎಲ್ಲರೂ ಇರುವಾಗ ಟ್ರಂಕು ತೆಗೆಯಿರಿ. ಒಬ್ಬರು ಮೊಬೈಲಿನಲ್ಲಿ ವಿಡಿಯೋ ಮಾಡಲಿ, ಒಬ್ಬರು ಬರೆದುಕೊಳ್ಳಲಿ. ಕೊನೆಗೆ ಎಲ್ಲರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ.

ಯಕ್ಷಗಾನದವರ ಮನೆಯಾದರೆ ಕಿರೀಟ, ಭುಜಕೀರ್ತಿ, ಎದೆಕಟ್ಟು, ಗೆಜ್ಜೆ, ಮದ್ದಲೆ, ಚಂಡೆ, ತಾಳ ಬರೆಯಿರಿ. ಆದರೆ ಬರೆಯುವ ಮುಂಚೆ ಕೇಳಿ, ಇದು ಅವರದ್ದಾ, ಮೇಳದ್ದಾ? ವೇಷಭೂಷಣ ಸಾಮಾನ್ಯವಾಗಿ ಮೇಳದ್ದಾಗಿರುತ್ತದೆ. ಮೇಳದ ಕಿರೀಟವನ್ನು ಅಪ್ಪನ ನೆನಪು ಅಂತ ಶೋಕೇಸಿನಲ್ಲಿಟ್ಟು ಪೊಲೀಸ್ ದೂರಿನವರೆಗೆ ಹೋದದ್ದೂ ಉಂಟು.

ಆಮೇಲೆ ಕಾಗದಗಳು. ಅಚ್ಚಾಗದ ಪ್ರಸಂಗ, ಪದ್ಯಗಳು, ಅರ್ಥದ (ಪಾತ್ರದ ಮಾತುಗಾರಿಕೆಯ) ಟಿಪ್ಪಣಿ, ಡೈರಿ, ಪತ್ರಗಳು, ಪ್ರಕಾಶಕರ ಜೊತೆ ಮಾಡಿಕೊಂಡ ಒಪ್ಪಂದ, ರಾಯಲ್ಟಿ ಚೆಕ್ಕಿನ ಜೊತೆ ಬಂದ ಚೀಟಿ, ಕ್ಯಾಸೆಟ್ ಕಂಪನಿಯ ರಸೀದಿ. ರಸೀದಿಯ ಹಿಂದೆ ಬರೆದ ಎರಡು ಸಾಲು ಕೂಡ ಬೇಕು. ಮೊದಲು ಎಲ್ಲವನ್ನೂ ಫೋಟೋ ತೆಗೆಯಿರಿ, ಆಮೇಲೆ ಓದಿ.

ಯೂಟ್ಯೂಬ್ ಚಾನೆಲ್, ಫೇಸ್‌ಬುಕ್ ಪೇಜ್, ಈಮೇಲ್, ಹಾರ್ಡ್ ಡಿಸ್ಕ್, ಇವೂ ಆಸ್ತಿಯೇ. ಚಾನೆಲ್‌ಗೆ ಹಣ ಬರುತ್ತಿದ್ದರೆ ಅದು ಯಾವ ಬ್ಯಾಂಕ್ ಖಾತೆಗೆ ಅಂತ ಬರೆದುಕೊಳ್ಳಿ. ತೀರಿಕೊಂಡವರ ಖಾತೆ ಬಗ್ಗೆ ಮನೆಯವರು ಅರ್ಜಿ ಕೊಡಲು ಗೂಗಲ್‌ನಲ್ಲೇ ದಾರಿ ಇದೆ. ಪಾಸ್‌ವರ್ಡ್ ಗೊತ್ತಿದೆ ಅಂತ ಒಬ್ಬರೇ ನಡೆಸಿಕೊಂಡು ಹೋಗುವುದು ಮನೆಯೊಳಗಿನ ಅನುಮಾನಕ್ಕೆ ಒಳ್ಳೇ ಗೊಬ್ಬರ.

ಗುಡಿಗಾರರ ಮನೆಯವರಿಗೆ ಒಂದು ವಿಶೇಷ ಎಚ್ಚರಿಕೆ. ಹಳೆಯ ದಂತದ ಕೆತ್ತನೆ ಇದ್ದರೆ ಅದನ್ನು ಮಾರುವ ಮಾತೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇಂಥ ವಸ್ತು ವಾರಸುದಾರಿಕೆಯಿಂದ ಬಂದರೆ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಕೊಡಬೇಕು. ಹಿರಿಯರ ಹೆಸರಲ್ಲಿ ಮಾಲೀಕತ್ವದ ಪ್ರಮಾಣಪತ್ರ ಇದೆಯಾ ಅಂತ ಹುಡುಕಿ. ಶ್ರೀಗಂಧದ ತುಂಡುಗಳು ಉಳಿದಿದ್ದರೆ ಎಲ್ಲಿಂದ ಬಂದವು ಅನ್ನುವ ಬಿಲ್ಲು, ಪರವಾನಗಿ ಹುಡುಕಿಡಿ. ಸಿಗದಿದ್ದರೆ ಅದನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸುವ ಮೊದಲೇ ವಕೀಲರನ್ನು ಕೇಳಿ. ಪಾಲು ಹಂಚಿಕೊಳ್ಳಲು ಹೋಗಿ ಅರಣ್ಯ ಇಲಾಖೆಯ ಕೇಸು ಹೊತ್ತುಕೊಳ್ಳುವುದು ಯಾರಿಗೆ ಬೇಕು, ಅಲ್ವಾ?

75 ವರ್ಷ ದಾಟಿದ, ಸಾಹಿತ್ಯದ ಅಥವಾ ಇತಿಹಾಸದ ಬೆಲೆ ಇರುವ ಹಸ್ತಪ್ರತಿಯನ್ನು ಕಾನೂನು ಪ್ರಾಚೀನ ವಸ್ತು ಅಂತಲೇ ನೋಡುತ್ತದೆ. ಅಮೆರಿಕದಲ್ಲಿರುವ ತಮ್ಮನ ಪಾಲು ಅಂತ ಸೂಟ್‌ಕೇಸಿಗೆ ಹಾಕಿ ಕಳಿಸುವಂತಿಲ್ಲ.

3. ವಿಲ್ ಇದೆಯಾ ನೋಡಿ

ವಿಲ್ ಅಂದರೆ ಮರಣಪತ್ರ. ನಮ್ಮಲ್ಲಿ ಕೆಲವರು ಮೃತ್ಯುಪತ್ರ ಅನ್ನುತ್ತಾರೆ. ಬಿಳಿ ಹಾಳೆಯಲ್ಲಿ ಬರೆದರೂ ಸಾಕು, ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಬೇಕೇ ಬೇಕು. ಮುಂದೆ ತಕರಾರು ಬಂದರೆ ಆ ಇಬ್ಬರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು "ಹೌದು, ನಮ್ಮೆದುರು ಸಹಿ ಹಾಕಿದರು" ಅನ್ನಬೇಕು. ಹಾಗಾಗಿ ಸಾಕ್ಷಿಗಳು ಯಾರು, ಎಲ್ಲಿದ್ದಾರೆ, ಆರೋಗ್ಯ ಹೇಗಿದೆ ಅಂತ ಈಗಲೇ ವಿಚಾರಿಸಿ.

ಮನೆಯಲ್ಲಿ ಸಿಗದಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕೇಳಿ. ನೋಂದಣಿಯಾದ ವಿಲ್‌ನ ನಕಲು, ಬರೆದವರು ತೀರಿಕೊಂಡ ಮೇಲೆ, ಮರಣ ಪ್ರಮಾಣಪತ್ರ ತೋರಿಸಿ ಅರ್ಜಿ ಹಾಕಿದರೆ ಸಿಗುತ್ತದೆ. ಎರಡು ವಿಲ್ ಸಿಕ್ಕರೆ ಕೊನೆಯದ್ದಕ್ಕೆ ಬೆಲೆ. ಪ್ರೊಬೇಟ್, ಅಂದರೆ ವಿಲ್ ನಿಜವಾದದ್ದು ಅಂತ ಕೋರ್ಟು ಕೊಡುವ ದೃಢೀಕರಣ, ನಮ್ಮ ಜಿಲ್ಲೆಯ ಹಿಂದೂ ಮನೆಗಳಿಗೆ ಕಡ್ಡಾಯವಲ್ಲ. ಬೆಂಗಳೂರಿನ ಸಂಬಂಧಿಕರು ಅದು ಮಾಡಲೇಬೇಕು ಅಂತ ಹೆದರಿಸಿದರೆ ಹೆದರಬೇಡಿ.

ಕಲಾವಿದರು ತಾವೇ ಬರೆದ, ಚಿತ್ರಿಸಿದ ಕೃತಿಯ ಹಕ್ಕು ಸ್ವಯಾರ್ಜಿತ. ಪಿತ್ರಾರ್ಜಿತ ತೋಟದ ಹಾಗೆ ಅಲ್ಲ. ಅದನ್ನು ಯಾರಿಗೆ ಬೇಕಾದರೂ ಬರೆಯಬಹುದು, ಮಕ್ಕಳನ್ನು ಬಿಟ್ಟು ಶಿಷ್ಯನಿಗೂ ಬರೆಯಬಹುದು. ಮಕ್ಕಳಿಗೆ ನೋವಾಗುತ್ತದೆ ನಿಜ. ಆದರೆ ಬರೀ ಅದನ್ನು ಹಿಡಿದುಕೊಂಡು ವಿಲ್ ಮುರಿಯಲು ಆಗುವುದಿಲ್ಲ. ಮುಸ್ಲಿಂ ಕುಟುಂಬಗಳಲ್ಲಿ ಲೆಕ್ಕ ಬೇರೆ: ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರ ಮೂರನೇ ಒಂದು ಭಾಗ ಮಾತ್ರ ಹೊರಗಿನವರಿಗೆ ವಿಲ್ ಮೂಲಕ ಹೋಗಬಹುದು.

ಇಲ್ಲಿ ಒಂದು ದೊಡ್ಡ ಕೇಸು ಹೇಳಲೇಬೇಕು. ನಮ್ಮ ಪಕ್ಕದ ಉಡುಪಿಯದ್ದೇ. ಕೋಟ ಶಿವರಾಮ ಕಾರಂತರು ಯಕ್ಷಗಾನವನ್ನು ಬ್ಯಾಲೆ ರೂಪಕ್ಕೆ ತಂದದ್ದು ಎಲ್ಲರಿಗೂ ಗೊತ್ತು. ಅವರು 1994ರಲ್ಲಿ ವಿಲ್ ಬರೆದರು, 1997ರ ಡಿಸೆಂಬರಿನಲ್ಲಿ ತೀರಿಕೊಂಡರು. ವಿಲ್‌ನಲ್ಲಿ ಸಾಹಿತ್ಯ ಕೃತಿಗಳ ಹಕ್ಕು ಬಹುಕಾಲ ಅವರ ಸಹಾಯಕರಾಗಿದ್ದವರಿಗೆ ಅಂತ ಇತ್ತು. 2001ರಲ್ಲಿ ಮಣಿಪಾಲದ ಸಂಸ್ಥೆಯೊಂದು ದೆಹಲಿಯಲ್ಲಿ ಆ ಬ್ಯಾಲೆ ಆಡಿಸಿತು. ವಿಲ್ ಹಿಡಿದವರು ಕೇಸು ಹಾಕಿದರು, ಅದು ಉಡುಪಿ ಜಿಲ್ಲಾ ನ್ಯಾಯಾಲಯದಿಂದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 2009ರ ಜನವರಿಯಲ್ಲಿ ತೀರ್ಪು ಬಂತು. ಪ್ರಶ್ನೆ ಏನಾಗಿತ್ತು ಗೊತ್ತಾ? ಕುಣಿತದ ಬ್ಯಾಲೆ "ಸಾಹಿತ್ಯ ಕೃತಿ" ಆಗುತ್ತದಾ? ಇಲ್ಲ, ಅದು "ನಾಟಕ ಕೃತಿ", ಕಾನೂನಿನಲ್ಲಿ ಎರಡೂ ಬೇರೆ ಬೇರೆ ಅಂದಿತು ಕೋರ್ಟು. ಅಷ್ಟಕ್ಕೇ ನಿಂತಿದ್ದರೆ ವಿಲ್ ಹಿಡಿದವರಿಗೆ ಬ್ಯಾಲೆಯ ಹಕ್ಕು ಸಿಗುತ್ತಿರಲಿಲ್ಲ. ಅವರನ್ನು ಉಳಿಸಿದ್ದು ವಿಲ್‌ನಲ್ಲಿದ್ದ "ಉಳಿದದ್ದೆಲ್ಲ" ಅನ್ನುವ ಅರ್ಥದ ಒಂದು ಕಲಮು. ಹೆಸರಿಸದೆ ಉಳಿದ ಆಸ್ತಿ ಯಾರಿಗೆ ಅಂತ ಹೇಳುವ ಸಾಲು ಅದು.

ಇದರಿಂದ ನಿಮಗೇನು ಉಪಯೋಗ ಅಂದರೆ, ವಿಲ್ ಓದುವಾಗ "ಪುಸ್ತಕಗಳು ಮಗಳಿಗೆ" ಅಂತ ಕಂಡ ಕೂಡಲೇ ಎಲ್ಲಾ ಹಕ್ಕೂ ಮಗಳಿಗೆ ಅಂದುಕೊಳ್ಳಬೇಡಿ. ಕೊನೆಯ ಸಾಲಿನವರೆಗೆ ಓದಿ. ಇನ್ನೂ ಬದುಕಿರುವ ಕಲಾವಿದರು ಇದನ್ನು ಓದುತ್ತಿದ್ದರೆ: ಪದ್ಯ, ಪ್ರಸಂಗ, ನೃತ್ಯ ಸಂಯೋಜನೆ, ರಾಗ ಸಂಯೋಜನೆ, ಚಿತ್ರ, ಧ್ವನಿಮುದ್ರಣ, ವಿಡಿಯೋ ಅಂತ ಬಿಡಿಬಿಡಿಯಾಗಿ ಬರೆಯಿರಿ, ಕೊನೆಗೆ "ಇಲ್ಲಿ ಹೇಳದ ಉಳಿದೆಲ್ಲ ಇಂಥವರಿಗೆ" ಅಂತ ಒಂದು ಸಾಲು ಮರೆಯಬೇಡಿ.

ಇನ್ನೊಂದು ಸಣ್ಣ ವಿಷಯ. ಅಚ್ಚಾಗದ ಹಸ್ತಪ್ರತಿಯನ್ನು ವಿಲ್ ಮೂಲಕ ಯಾರಿಗಾದರೂ ಕೊಟ್ಟಿದ್ದರೆ, ಬೇರೆ ಉದ್ದೇಶ ಕಾಣದಿದ್ದರೆ, ಹಕ್ಕೂ ಅದರ ಜೊತೆಗೇ ಹೋಗುತ್ತದೆ. ವಸ್ತು ಬೇರೆ ಹಕ್ಕು ಬೇರೆ ಅನ್ನುವ ನಿಯಮಕ್ಕೆ ಇದೊಂದು ವಿನಾಯಿತಿ.

4. ವಿಲ್ ಇಲ್ಲದಿದ್ದರೆ ವಾರಸುದಾರರು ಯಾರು?

ಹಿಂದೂ ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಅವರ ಸ್ವಂತ ಆಸ್ತಿ ಮೊದಲ ವರ್ಗದ ವಾರಸುದಾರರಿಗೆ ಸಮನಾಗಿ ಹೋಗುತ್ತದೆ: ಹೆಂಡತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು, ಮತ್ತು ತಾಯಿ. ಈ ತಾಯಿಯನ್ನು ಮರೆಯುವುದೇ ಎಲ್ಲರೂ ಮಾಡುವ ತಪ್ಪು. ಕಲಾವಿದರ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು. ಹೆಂಡತಿ, ತಾಯಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದರೆ ತಲಾ ಐದನೇ ಒಂದು. ತಂದೆ ಈ ಪಟ್ಟಿಯಲ್ಲಿಲ್ಲ, ಅವರು ಎರಡನೇ ವರ್ಗ. ಮಗನೊಬ್ಬ ಮೊದಲೇ ತೀರಿಕೊಂಡಿದ್ದರೆ ಅವನ ಹೆಂಡತಿ ಮಕ್ಕಳಿಗೆ ಸೇರಿ ಅವನ ಒಂದು ಪಾಲು.

"ಮದುವೆಯಾಗಿ ಹೋದವಳಿಗೆ ಎಂಥ ಪಾಲು?" ಅನ್ನುವ ಮಾತು ಇವತ್ತಿಗೂ ಜಗುಲಿಯ ಮೇಲೆ ಕೇಳುತ್ತದೆ. ತಂದೆಯ ಸ್ವಂತ ಆಸ್ತಿಯಲ್ಲಿ 1956ರಿಂದಲೇ ಪಾಲಿದೆ. ಪಿತ್ರಾರ್ಜಿತದಲ್ಲೂ ಹುಟ್ಟಿನಿಂದಲೇ ಇದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಗಟ್ಟಿಯಾಗಿ ಹೇಳಿದೆ. ಮುಗಿಯಿತು.

ಎರಡನೇ ಸಂಸಾರದ ವಿಷಯ ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ, ಆದರೆ ಕೇಳಲಿಕ್ಕೇ ಬಂದಿರುತ್ತಾರೆ. ಮೊದಲ ಹೆಂಡತಿ ಇರುವಾಗ ಆದ ಎರಡನೇ ಮದುವೆ ಹಿಂದೂ ಕಾನೂನಿನಲ್ಲಿ ಅಸಿಂಧು, ಆ ಹೆಂಗಸಿಗೆ ಹೆಂಡತಿಯಾಗಿ ಪಾಲಿಲ್ಲ. ಮಕ್ಕಳಿಗೆ ಮಾತ್ರ ತಂದೆಯ ಆಸ್ತಿಯಲ್ಲಿ ಪಾಲಿದೆ. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನೂ ಸ್ಪಷ್ಟ ಮಾಡಿತು, ಅದೂ ಕರ್ನಾಟಕದ್ದೇ ಕೇಸು. ಅವರನ್ನು ಬಿಟ್ಟು ಪಾಲುಪಟ್ಟಿ ಮಾಡಿದರೆ ಹತ್ತು ವರ್ಷದ ಮೇಲೆ ಅದು ಒಡೆಯುತ್ತದೆ. ಸಿಟ್ಟು ನಿಮ್ಮದು, ಹೆಸರು ಮಾತ್ರ ಸೇರಿಸಿ.

ಕಲಾವಿದೆ ತೀರಿಕೊಂಡರೆ ಕ್ರಮ ಬೇರೆ. ಮೊದಲು ಮಕ್ಕಳು ಮತ್ತು ಗಂಡ. ಅವರಾರೂ ಇಲ್ಲದಿದ್ದರೆ ಗಂಡನ ಕಡೆಯ ವಾರಸುದಾರರು, ತವರಿನವರು ಆಮೇಲೆ. ತವರಿನಿಂದ ಬಂದ ಆಸ್ತಿ ಮಾತ್ರ ತಂದೆಯ ಕಡೆಗೆ ಹೋಗುತ್ತದೆ. ಜೀವಮಾನವಿಡೀ ಹಾಡಿದವಳ ಹಕ್ಕು ಮುಖವೇ ನೋಡದ ಮೈದುನನ ಮಕ್ಕಳಿಗೆ ಹೋಗುವುದು ನನಗಂತೂ ಸರಿ ಕಾಣುವುದಿಲ್ಲ, ಆದರೆ ಕಾನೂನು ಇವತ್ತಿಗೆ ಹೀಗಿದೆ. ಮಕ್ಕಳಿಲ್ಲದ ಕಲಾವಿದೆಯರು ವಿಲ್ ಬರೆದಿಡಲೇಬೇಕು. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ: ಮಕ್ಕಳಿದ್ದರೆ ಹೆಂಡತಿಗೆ ಮೂರನೇ ಒಂದು, ಉಳಿದದ್ದು ಮಕ್ಕಳಿಗೆ.

ಬ್ಯಾಂಕಿನ ನಾಮಿನಿ ಮಾಲೀಕರಲ್ಲ. ಹಣ ಈಸಿಕೊಳ್ಳುವವರು ಅಷ್ಟೇ, ಈಸಿಕೊಂಡು ವಾರಸುದಾರರಿಗೆ ಹಂಚಬೇಕು.

5. ಕಾಗದಪತ್ರ

ಮರಣ ನೋಂದಣಿ 21 ದಿನದೊಳಗೆ ಆದರೆ ಸಲೀಸು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಹತ್ತು ನಕಲು ತಗೊಂಡುಬಿಡಿ. ಕಲಾವಿದರಿಗೆ ರಂಗದ ಹೆಸರು ಬೇರೆ ಇದ್ದರೆ, ಊರಿನ ಹೆಸರು ಹಚ್ಚಿಕೊಂಡಿದ್ದರೆ, ಆಧಾರ್ ಹೆಸರೂ ಪುಸ್ತಕದ ಮೇಲಿನ ಹೆಸರೂ ಒಬ್ಬರದ್ದೇ ಅಂತ ಒಂದು ಪ್ರಮಾಣಪತ್ರ, ಅಫಿಡವಿಟ್, ಮಾಡಿಸಿಡಿ. ಇದಿಲ್ಲದೆ ರಾಯಲ್ಟಿ ತಡೆದು ನಿಂತದ್ದು ಬಹಳ.

ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ. ಜಮೀನಿಗೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಬದಲು ವಾರಸುದಾರರ ಹೆಸರಿಗೆ ಖಾತೆ. ಒಂದು ಎಚ್ಚರ: ಪಹಣಿಯಲ್ಲಿ ಅಣ್ಣನ ಹೆಸರು ಬಂದ ಮಾತ್ರಕ್ಕೆ ಉಳಿದವರ ಹಕ್ಕು ಹೋಗುವುದಿಲ್ಲ, ಅದು ಕಂದಾಯದ ದಾಖಲೆ.

ಪ್ರಕಾಶಕರಿಂದ, ಕಂಪನಿಯಿಂದ ಬಾಕಿ ಬರಬೇಕಿದ್ದರೆ ಉತ್ತರಾಧಿಕಾರ ಪ್ರಮಾಣಪತ್ರ ಬೇಕಾಗಬಹುದು. ಸತ್ತವರಿಗೆ ಬರಬೇಕಾದ ಸಾಲ, ಠೇವಣಿ, ಷೇರುಗಳನ್ನು ವಸೂಲು ಮಾಡಲು ಕೋರ್ಟು ಕೊಡುವ ಪತ್ರ ಇದು. ಪತ್ರಿಕೆಯಲ್ಲಿ ಪ್ರಕಟಣೆ, ತಕರಾರಿಗೆ ಸಮಯ, ಎಲ್ಲಾ ಸೇರಿ ತಿಂಗಳುಗಳೇ ಹಿಡಿಯುತ್ತವೆ. ಜಮೀನಿಗೆ ಇದು ನಡೆಯುವುದಿಲ್ಲ.

6. ಯಾವ ಹಕ್ಕು, ಎಷ್ಟು ವರ್ಷ?

ಬರಹ, ಪ್ರಸಂಗ, ಸಂಗೀತ ರಚನೆ, ಚಿತ್ರ, ಶಿಲ್ಪ: ಕರ್ತೃವಿನ ಆಯುಷ್ಯ ಮತ್ತು ಆಮೇಲೆ 60 ವರ್ಷ. ಲೆಕ್ಕ ಶುರುವಾಗುವುದು ಸತ್ತ ವರ್ಷದ ಮುಂದಿನ ಜನವರಿ 1ರಿಂದ. 2020ರಲ್ಲಿ ಹೋದವರ ಹಕ್ಕು 2080ರ ಡಿಸೆಂಬರ್ ಕೊನೆಯವರೆಗೆ. ಅಂದರೆ ಮೊಮ್ಮಕ್ಕಳ ಕಾಲಕ್ಕೂ ಇದು ಇರುತ್ತದೆ. ನೋಂದಣಿ ಮಾಡಿಸದಿದ್ದರೂ ಹಕ್ಕು ಇದ್ದೇ ಇದೆ.

ಹಳೆ ಕವಿಗಳ ಪ್ರಸಂಗ ಎಲ್ಲರದ್ದು, ಅದನ್ನು ಹಾಡಬೇಡಿ ಅನ್ನಲು ನಿಮಗೆ ಬರುವುದಿಲ್ಲ. ನಿಮ್ಮ ತಂದೆ ಹೊಸದಾಗಿ ಬರೆದ ಪದ್ಯಗಳು ಮಾತ್ರ ನಿಮ್ಮವು.

ಹಾಡಿದ, ಕುಣಿದ, ಅರ್ಥ ಹೇಳಿದ ಪ್ರದರ್ಶನಕ್ಕೆ ಬೇರೆಯೇ ಹಕ್ಕು, ಪ್ರದರ್ಶಕರ ಹಕ್ಕು ಅಂತ. ಪ್ರದರ್ಶನವಾದ ಮುಂದಿನ ವರ್ಷದಿಂದ 50 ವರ್ಷ. ಆದರೆ ಈ ಹಕ್ಕು ಕಾನೂನಿಗೆ ಬಂದದ್ದೇ 1995ರ ಮೇ 10ಕ್ಕೆ. ಅದಕ್ಕಿಂತ ಹಿಂದಿನ ಕ್ಯಾಸೆಟ್‌ಗಳಿಗೆ ಈ ದಾರಿಯಲ್ಲಿ ಹೋಗುವುದು ಕಷ್ಟ, ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ.

ಹಳೆ ಒಪ್ಪಂದಗಳನ್ನು ಈಗ ಓದಿ. ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು, ಕೊಟ್ಟವರ ಸಹಿ ಇರಬೇಕು. "ಬಾಯಿಮಾತಿನಲ್ಲಿ ಕೊಟ್ಟಿದ್ದರು" ಅನ್ನುವುದು ವರ್ಗಾವಣೆ ಅಲ್ಲ. ಅವಧಿ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಈ ನಿಯಮವೂ 1995ರಲ್ಲಿ ಜಾರಿಗೆ ಬಂದ ತಿದ್ದುಪಡಿಯದ್ದು, ಹಾಗಾಗಿ ಕಾಗದದ ತಾರೀಕು ನೋಡಿ. ಸಿನಿಮಾದಲ್ಲಿ ಬಳಸಿದ ಹಾಡಿನ ಸಾಹಿತ್ಯ, ಸಂಗೀತದ ರಾಯಲ್ಟಿ ಪಾಲನ್ನು 2012ರ ತಿದ್ದುಪಡಿಯ ನಂತರ ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆಯವರಿಗೆ ಬರೆದುಕೊಡುವಂತಿಲ್ಲ. ಗೀತೆ ಬರೆದವರ ಮನೆಯವರು, ಹಾಡಿನ ರಾಯಲ್ಟಿ ವಸೂಲು ಮಾಡಿ ಹಂಚುವ ಐಪಿಆರ್‌ಎಸ್ ಸಂಘದಲ್ಲಿ ವಾರಸುದಾರರಾಗಿ ಹೆಸರು ಹಾಕಿಸಿಕೊಳ್ಳಬಹುದು.

ಎರಡು ಕಡೆ ಹಕ್ಕು ಮೊದಲಿಂದಲೇ ಕಲಾವಿದರದ್ದಾಗಿರುವುದಿಲ್ಲ. ನೌಕರಿಯ ಭಾಗವಾಗಿ ಮಾಡಿದ ಕೆಲಸ ಸಾಮಾನ್ಯವಾಗಿ ಕೆಲಸ ಕೊಟ್ಟವರದ್ದು. ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರ, ಭಾವಚಿತ್ರ ಬರೆಸಿದವರದ್ದು. ಬೇರೆ ಒಪ್ಪಂದ ಇದ್ದರೆ ಅದರಂತೆ.

ಇಂಥ ಸಂದರ್ಭಗಳನ್ನು ಬಿಟ್ಟು, ಕಲಾವಿದರೇ ಮೊದಲ ಹಕ್ಕುದಾರರಾಗಿದ್ದ ಮೂಲ ಚಿತ್ರ ಅಥವಾ ಹಸ್ತಪ್ರತಿ 10,000 ರೂಪಾಯಿ ದಾಟಿ ಮರುಮಾರಾಟವಾದರೆ ಆ ಬೆಲೆಯಲ್ಲಿ ಪಾಲು ಕೇಳಲು ವಾರಸುದಾರರಿಗೆ ಅವಕಾಶವಿದೆ, ಹೆಚ್ಚೆಂದರೆ ಶೇಕಡಾ 10. ಕಾಗದದ ಮೇಲೆ ಚೆನ್ನಾಗಿದೆ. ಮಾರಾಟವಾದದ್ದು ನಿಮಗೆ ಗೊತ್ತಾಗಬೇಕಲ್ಲ!

7. ಮನೆಯೊಳಗೆ ಒಂದು ಕಾಗದ ಮಾಡಿಕೊಳ್ಳಿ

ವಾರಸುದಾರರೆಲ್ಲ ಹಕ್ಕಿನ ಜಂಟಿ ಮಾಲೀಕರು. ಒಬ್ಬರೇ ಸಹಿ ಹಾಕಿ ಕೊಟ್ಟ ಪರವಾನಗಿ ಗಟ್ಟಿ ನಿಲ್ಲುವುದಿಲ್ಲ, ತಿಳಿದ ಪ್ರಕಾಶಕರು ಎಲ್ಲರ ಸಹಿ ಕೇಳುತ್ತಾರೆ. ಅದಕ್ಕೆ ನಾನು ಹೇಳುವುದು, ಹಕ್ಕನ್ನು ತುಂಡು ಮಾಡಬೇಡಿ. "ಈ ಪ್ರಸಂಗ ನಿನಗೆ, ಆ ಪ್ರಸಂಗ ನನಗೆ" ಅಂತ ಹಂಚಿಕೊಂಡರೆ ಮುಂದೆ ಸಮಗ್ರ ಸಂಪುಟ ತರಲಿಕ್ಕೇ ಆಗುವುದಿಲ್ಲ. ಹಕ್ಕು ಎಲ್ಲರದ್ದು, ವ್ಯವಹಾರ ಒಬ್ಬರದ್ದು, ಹಣ ಪಾಲಿನಂತೆ ಅಂತ ಬರೆಯಿರಿ. ವ್ಯವಹಾರ ನೋಡುವವರಿಗೆ ಉಳಿದವರು ಹೊಸ ಅಧಿಕಾರ ಪತ್ರ ಕೊಡಲಿ. ವರ್ಷಕ್ಕೊಮ್ಮೆ ಲೆಕ್ಕ ತೋರಿಸಬೇಕು ಅಂತಲೂ ಹಾಕಿ.

ಮನೆ, ತೋಟದ ವಿಭಾಗ ಪತ್ರ, ಹಕ್ಕು ಖುಲಾಸೆ ಪತ್ರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಬೇಕು. ಇಲ್ಲೇ ಒಂದು ಹಳ್ಳ ಇದೆ: ತಂಗಿ ತೋಟದ ಹಕ್ಕು ಬಿಟ್ಟುಕೊಡುವಾಗ "ಸಮಸ್ತ ಚರ ಮತ್ತು ಸ್ಥಿರ ಆಸ್ತಿ" ಅನ್ನುವ ಮಾಮೂಲಿ ಒಕ್ಕಣೆಗೆ ಸಹಿ ಹಾಕುತ್ತಾಳೆ. ಅದರಲ್ಲಿ ಅಪ್ಪನ ಹಾಡಿನ ಹಕ್ಕೂ ಹೋಯಿತು ಅಂತ ಮುಂದೆ ವಾದ ಬರುತ್ತದೆ. ಬಿಡುವುದಿದ್ದರೆ ಏನನ್ನು ಬಿಡುತ್ತೀರಿ ಅಂತ ಸರ್ವೆ ನಂಬರ್ ಸಮೇತ ಬರೆಸಿ.

8. ಹೊರಗಿನವರು ಬಳಸುತ್ತಿದ್ದರೆ

ಮೊದಲು ಪುರಾವೆ. ಕರಪತ್ರ, ಟಿಕೆಟ್, ವಿಡಿಯೋದ ಕೊಂಡಿ, ಸ್ಕ್ರೀನ್‌ಶಾಟ್, ತಾರೀಕು. ಆಮೇಲೆ ಒಂದು ಮರ್ಯಾದೆಯ ಪತ್ರ, ಸ್ಪೀಡ್ ಪೋಸ್ಟಿನಲ್ಲಿ. ವಾಟ್ಸಾಪ್ ಗುಂಪಿನಲ್ಲಿ ಬೈದರೆ ಕೇಸು ನಿಮ್ಮ ಮೇಲೆಯೇ ತಿರುಗಬಹುದು.

ಎಲ್ಲಾ ಬಳಕೆಯೂ ತಪ್ಪಲ್ಲ. ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಆಡಿದರೆ, ಅಥವಾ ದೇವಸ್ಥಾನದ ಸಹಾಯಾರ್ಥ ಆಡಿದರೆ, ಅದು ಉಲ್ಲಂಘನೆ ಅಲ್ಲ ಅಂತ ಕಾನೂನೇ ಹೇಳಿದೆ. ಕಾರಂತರ ಕೇಸಿನಲ್ಲೂ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಉಳಿಸಿಕೊಂಡು, ಇಂಥ ವಿನಾಯಿತಿಗಳೊಳಗೆ ಬರುವ ಪ್ರದರ್ಶನಕ್ಕೆ ಅದು ಅಡ್ಡ ಬರುವುದಿಲ್ಲ ಅಂದಿತು. ಟಿಕೆಟ್ ಇಟ್ಟು ಆಡುವ ವೃತ್ತಿ ಮೇಳವಾದರೆ ಅನುಮತಿ ಬೇಕು. ಹೆಸರು ಕಿತ್ತು ಹಾಕಿದ್ದರೆ, ಪದ್ಯ ತಿರುಚಿ ಮಾನ ಕಳೆದಿದ್ದರೆ, ಹಕ್ಕು ಮಾರಿದ್ದರೂ ವಾರಸುದಾರರು ಪ್ರಶ್ನಿಸಬಹುದು.

ಯೂಟ್ಯೂಬ್‌ಗೆ ದೂರು ಕೊಟ್ಟರೆ ವಿಡಿಯೋ ಇಳಿಯುತ್ತದೆ. ಎದುರಿನವರು ಪ್ರತಿ ಅರ್ಜಿ ಹಾಕಿದರೆ 10 ಕೆಲಸದ ದಿನಗಳೊಳಗೆ ನೀವು ಕೋರ್ಟಿಗೆ ಹೋದದ್ದಕ್ಕೆ ಪುರಾವೆ ತೋರಿಸಬೇಕು. ಇಲ್ಲದಿದ್ದರೆ ಅದು ಮತ್ತೆ ಮೇಲೆ ಬರುತ್ತದೆ. ಹಕ್ಕು ನಿಮ್ಮದು ಅಂತ ಖಚಿತವಾಗದೆ ದೂರು ಒತ್ತಬೇಡಿ.

9. ಕೋರ್ಟು

ಮನೆಯವರೇ ಸಾಮಾನು ಹೊತ್ತೊಯ್ದು ಕೊಡದಿದ್ದರೆ, ಆಸ್ತಿ ರಕ್ಷಣೆಗೆ ಜಿಲ್ಲಾ ನ್ಯಾಯಾಧೀಶರ ಮುಂದೆ ಒಂದು ಸಂಕ್ಷಿಪ್ತ ಅರ್ಜಿ ಇದೆ. ಸಾವಿನಿಂದ 6 ತಿಂಗಳೊಳಗೆ ಮಾತ್ರ. ಈ ದಾರಿ ಬಹಳ ಜನರಿಗೆ ಗೊತ್ತೇ ಇಲ್ಲ, ಗೊತ್ತಾಗುವಾಗ ವರ್ಷಾಂತಿಕ ಮುಗಿದಿರುತ್ತದೆ. ಪಾಲಿನ ದಾವೆ ನಿಮ್ಮ ತಾಲೂಕಿನ ಸಿವಿಲ್ ನ್ಯಾಯಾಲಯದಲ್ಲಿ. ಹಕ್ಕುಸ್ವಾಮ್ಯ ಉಲ್ಲಂಘನೆಯ ದಾವೆ ಜಿಲ್ಲಾ ನ್ಯಾಯಾಲಯದಲ್ಲಿ. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಬೆಂಗಳೂರಿನ ಕಂಪನಿ ಅಂತ ಬೆಂಗಳೂರಿಗೆ ಓಡಬೇಕಿಲ್ಲ. ಪರಿಹಾರ ಕೇಳಲು 3 ವರ್ಷದ ಮಿತಿ. ಮೌಲ್ಯ 3 ಲಕ್ಷ ಅಥವಾ ಜಾಸ್ತಿ ಇದ್ದರೆ ವಾಣಿಜ್ಯ ದಾವೆಯಾಗುತ್ತದೆ, ತುರ್ತು ತಡೆಯಾಜ್ಞೆ ಕೇಳದಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗಬೇಕು. ಹೈಕೋರ್ಟು ಅಂದರೆ ನಮಗೆ ಧಾರವಾಡ ಪೀಠ.

ಎದುರಿನವರು ನಿಮಗೆ ತಿಳಿಯದೆ ತಡೆಯಾಜ್ಞೆ ತಂದಾರು ಅನ್ನಿಸಿದರೆ ಕೇವಿಯಟ್ ಹಾಕಿ, "ನಮ್ಮ ಮಾತೂ ಕೇಳಿ" ಅನ್ನುವ ಮುಂಚಿತ ಅರ್ಜಿ ಅದು. 90 ದಿನ ನಡೆಯುತ್ತದೆ.

ದುಡ್ಡಿಲ್ಲ ಅಂತ ಸುಮ್ಮನಿರಬೇಡಿ. ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲೂಕು ಕೋರ್ಟುಗಳಲ್ಲಿ ಸಮಿತಿಗಳಿವೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್, ಮೇಲ್ಮನವಿಯ ರಗಳೆಯೂ ಇಲ್ಲ. ಮೇಲ್ಮನವಿ ಇಲ್ಲ ಅನ್ನುವುದಕ್ಕೇ ಸಹಿ ಹಾಕುವ ಮೊದಲು ಒಂದು ರಾತ್ರಿ ಯೋಚಿಸಿ.

10. ಕೇಸು ನಡೆಯುವಾಗ ಟ್ರಂಕು ಎಲ್ಲಿರಬೇಕು?

ಇದನ್ನು ಯಾರೂ ಕೇಳುವುದಿಲ್ಲ. ಪಾಲಿನ ದಾವೆ ವರ್ಷಗಟ್ಟಲೆ ನಡೆಯುತ್ತದೆ, ನಮ್ಮ ಮಳೆಗಾಲ ಪ್ರತಿ ವರ್ಷ ಬರುತ್ತದೆ. ಕ್ಯಾಸೆಟ್ಟಿಗೆ ಬೂಸ್ಟು ಹಿಡಿಯುತ್ತದೆ, ಹಸ್ತಪ್ರತಿಗೆ ಒರಲೆ ಹತ್ತುತ್ತದೆ, ಮದ್ದಲೆಯ ಚರ್ಮ ಹೋಗುತ್ತದೆ. ಪಟ್ಟಿ ಮಾಡಲು ಕೋರ್ಟ್ ಕಮಿಷನರ್ ನೇಮಿಸಿ ಅಂತ ಅರ್ಜಿ ಹಾಕಬಹುದು. ಎರಡೂ ಕಡೆಯವರು ಒಪ್ಪಿ ಸ್ಕ್ಯಾನ್ ಮಾಡಿಸಲು, ಒಂದೊಂದು ಪ್ರತಿ ಇಟ್ಟುಕೊಳ್ಳಲು ಅನುಮತಿಯನ್ನೂ ಕೇಳಬಹುದು. ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಯಾರ ಹಕ್ಕೂ ಹೆಚ್ಚಾಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ ಅಂತ ಆ ಅರ್ಜಿಯಲ್ಲೇ ಬರೆಸಿ, ಆಗ ಎದುರಿನವರೂ ಒಪ್ಪುತ್ತಾರೆ. ಈ ಅರ್ಜಿ ಮೇ ತಿಂಗಳ ಕೋರ್ಟ್ ರಜೆಗೆ ಮೊದಲು ಹಾಕಿ. ಜೂನ್‌ನಲ್ಲಿ ಹಾಕಿದರೆ ಆದೇಶ ಬರುವಷ್ಟರಲ್ಲಿ ಅಟ್ಟ ಸೋರಿರುತ್ತದೆ.